ಕ್ರೋಶಾ ಕಡ್ಡಿಯಲ್ಲಿ ಹವಳದ ದಿಬ್ಬ

ಮಾನ್ಯ ಸಂಪಾದಕರೇ,

ಕ್ರೋಶಾ ಎಂದರೆ ಟೀಪಾಯಿ ಹೊದಿಕೆ, ಬಾಗಿಲ ತೋರಣ ಎಂದಷ್ಟೇ ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞೆ ಡೈನಾ ಟೈಮಿನಾ 1997ರಲ್ಲಿ, ಬೇಗ ಹಾಳಾಗುವ ಕಾಗದದ ಮಾದರಿಗೆ ಬದಲಾಗಿ, ಹೈಪರ್ಬೋಲಿಕ್ ಮೇಲ್ಮೈಯನ್ನು (ಅಂಚಿಗೆ ಹೋದಂತೆಲ್ಲ ಹಿಗ್ಗುತ್ತಾ ನಿರಿಗೆಗಟ್ಟುವ ಮೇಲ್ಮೈ) ಕ್ರೋಶಾದಲ್ಲೇ ಹೆಣೆದರು. ಅದೇ ತಂತ್ರ ಹಿಡಿದು ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ಥೈಮ್ ಸಹೋದರಿಯರು 2005ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುಮಾಡಿದ ನೂಲಿನ ಹವಳದಿಬ್ಬ 2019ರ ವೆನಿಸ್ ಬಿನಾಲೆ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನಕ್ಕೂ ಹೋಯಿತು.

ಇಂಥ ಹವಳ ಮಾಡುವುದು ಸುಲಭ. 20 ಚೈನ್ (ಸರಪಳಿಯಂಥ ಮೊದಲ ಕುಣಿಕೆಗಳು) ಹಾಕಿ ಒಂದು ಸಾಲು ಸಿಂಗಲ್ ಕ್ರೋಶಾ (ಸರಳವಾದ ಗಿಡ್ಡ ಕುಣಿಕೆ) ಹೆಣೆಯಿರಿ. ಮುಂದೆ ಪ್ರತಿ ಐದನೇ ಕುಣಿಕೆಯಲ್ಲಿ ಎರಡೆರಡು ಹಾಕಿದರೆ ಅಂಚು ಮೆಲ್ಲಗೆ ಅಲೆಯಾಗುತ್ತದೆ. ಪ್ರತಿ ಕುಣಿಕೆಯಲ್ಲೂ ಎರಡು ಹಾಕಿದರೆ ಇನ್ನೈದೇ ಸಾಲಿಗೆ 20 ಇದ್ದದ್ದು 640 ಆಗಿ, ಕೋಳಿಜುಟ್ಟಿನ ಹಾಗೆ ದಟ್ಟವಾಗಿ ಸುರುಳಿಗಟ್ಟುತ್ತದೆ. ಎಷ್ಟು ಚೆಂದ!

ಕೆಡುವುದು ಹೆಚ್ಚಾಗಿ ಸಡಿಲ ಹೆಣಿಗೆಯಿಂದ. ಮೆತ್ತನೆಯ ಉಣ್ಣೆಯಲ್ಲಿ ನಿರಿಗೆ ನಿಲ್ಲದೆ ಜೋತುಬೀಳುತ್ತದೆ. ಬಿಗಿ ಹುರಿಯ ಅಕ್ರಿಲಿಕ್ ನೂಲು ತೆಗೆದುಕೊಳ್ಳಿ. ಉಂಡೆಯ ಪಟ್ಟಿಯಲ್ಲಿ 4 ಮಿ.ಮೀ. ಕಡ್ಡಿ ಎಂದಿದ್ದರೆ 3 ಅಥವಾ 3.5 ಬಳಸಿ. ನಡುವೆ ಲೆಕ್ಕ ತಪ್ಪಿದರೆ ಬಿಚ್ಚಬೇಕಿಲ್ಲ, ನಿಜವಾದ ಹವಳವೂ ಒಂದೇ ಸಮನಾಗಿ ಬೆಳೆಯುವುದಿಲ್ಲ.

ನಮ್ಮ ಕಲಾಶಾಲೆಗಳ ಶಿಲ್ಪ ವಿಭಾಗಗಳು ಮಣ್ಣು, ಮರದ ಜೊತೆಗೆ ನೂಲಿಗೂ ಒಂದು ಮೇಜು ಕೊಡಲಿ.

– ಕ್ರೋಶಾ ಶಿಕ್ಷಕಿಯರು, ಮೈಸೂರು