ಸೆಪ್ಟೆಂಬರ್ 27ಕ್ಕೆ ಕೆಲಸದ ಬಟ್ಟೆಯಲ್ಲೇ ಬನ್ನಿ

ಪ್ರೀತಿಯ ಪೋಷಕರೇ,

ನಮಸ್ಕಾರ. ಸೆಪ್ಟೆಂಬರ್ 27 ಸಂತ ವಿನ್ಸೆಂಟ್ ಡಿ ಪೌಲ್ ಅವರ ಹಬ್ಬ. ಅವತ್ತು ಶಾಲೆಯಲ್ಲಿ ಮಕ್ಕಳ ಕಾರ್ಯಕ್ರಮ ಇದೆ. ನೀವೆಲ್ಲ ಬರಬೇಕು. ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಪೋಷಕರ ಸಭೆ ಇದ್ದಾಗಲೆಲ್ಲ ಕೆಲವರು ಗೇಟಿನ ಹತ್ತಿರವೇ ನಿಂತುಬಿಡುತ್ತಾರೆ. "ನೀವು ಒಳಗೆ ಬರಬೇಡಿ" ಅಂತ ಮಕ್ಕಳೇ ಹೇಳಿರುತ್ತಾರೆ. ಅದನ್ನು ನೋಡಿದಾಗ ನನಗೆ ತುಂಬಾ ಸಂಕಟವಾಗುತ್ತದೆ.

ವಿನ್ಸೆಂಟ್ 1581ರಲ್ಲಿ ಫ್ರಾನ್ಸಿನ ಒಂದು ಹಳ್ಳಿಯಲ್ಲಿ, ರೈತರ ಮನೆಯಲ್ಲಿ ಹುಟ್ಟಿದವರು. ಅಪ್ಪ ಇವರನ್ನು ಪಟ್ಟಣದ ಶಾಲೆಗೆ ಸೇರಿಸಿದ್ದರು, ಓದಿಗಾಗಿ ಎತ್ತುಗಳನ್ನೇ ಮಾರಿದರು ಅಂತಲೂ ಹೇಳುತ್ತಾರೆ. ಒಂದು ದಿನ ಆ ಅಪ್ಪ ಮಗನನ್ನು ನೋಡಲು ಶಾಲೆಗೆ ಬಂದರು. ಸ್ವಲ್ಪ ಕುಂಟುತ್ತಿದ್ದರು, ಬಟ್ಟೆ ಹಳೆಯದು. ವಿನ್ಸೆಂಟ್ ನಾಚಿಕೊಂಡು ಹೊರಗೆ ಬರಲೇ ಇಲ್ಲ, ಮಾತೂ ಆಡಲಿಲ್ಲ. ಇದನ್ನು ಬೇರೆ ಯಾರೋ ಹೇಳಿದ್ದಲ್ಲ, ವಯಸ್ಸಾದ ಮೇಲೂ ಅದು ಕೊರೆಯುತ್ತಿದ್ದರಿಂದ ಅವರೇ ಎಲ್ಲರ ಮುಂದೆ ಹೇಳಿಕೊಂಡರು. ಆ ಅಪ್ಪನಿಗೆ ಹೇಗಾಗಿರಬೇಕು ಅಲ್ವಾ?

ಅದೇ ಹುಡುಗ ಮುಂದೆ ಪಾದ್ರಿಯಾಗಿ, ಬಡವರೇ ನಮ್ಮ ಒಡೆಯರು ಅಂತ ಹೇಳುತ್ತಾ ಬದುಕಿದರು. 1633ರಲ್ಲಿ ಲೂಯಿಸ್ ಡಿ ಮರಿಲಾಕ್ ಅನ್ನುವ ಮಹಿಳೆಯ ಜೊತೆ ಸೇರಿ, ರೋಗಿಗಳ ಮನೆಗೇ ಹೋಗಿ ನೋಡಿಕೊಳ್ಳುವ ಸಿಸ್ಟರ್‌ಗಳ ಸಂಘ ಕಟ್ಟಿದರು. ಪ್ಯಾರಿಸ್ಸಿನಲ್ಲಿ ಬೀದಿಗೆ ಬಿಟ್ಟುಹೋದ ಹಸುಗೂಸುಗಳನ್ನೂ ಸಾಕಿಸಿದರು.

ನನಗೆ ಜಾಸ್ತಿ ಇಷ್ಟವಾಗುವುದು 1617ರ ಒಂದು ಘಟನೆ. ಶಾಟಿಯೋನ್ ಅನ್ನುವ ಊರಲ್ಲಿ ಒಂದು ಮನೆಯವರೆಲ್ಲ ಕಾಯಿಲೆ ಬಿದ್ದಿದ್ದಾರೆ ಅಂತ ವಿನ್ಸೆಂಟ್ ಚರ್ಚಿನಲ್ಲಿ ಹೇಳಿದರು. ಮಧ್ಯಾಹ್ನ ಹೋಗಿ ನೋಡಿದರೆ ಊರಿಗೆ ಊರೇ ಊಟ ಹೊತ್ತು ಹೊರಟಿತ್ತು. ಇವತ್ತು ಇಷ್ಟೊಂದು ಬಂದರೆ ಕೆಟ್ಟುಹೋಗುತ್ತದೆ, ನಾಳೆ ಮತ್ತೆ ಹಸಿವು, ಅಂತ ಯೋಚಿಸಿ ಅವರು ಊರಿನ ಹೆಂಗಸರನ್ನು ಸೇರಿಸಿ ದಿನಕ್ಕೊಬ್ಬರಂತೆ ಸರದಿ ಮಾಡಿದರು.

ನಾವೂ ಹಾಗೇ ಮಾಡೋಣ. ಈ ಸಲ ಬಡವರಿಗಾಗಿ ಕೊಡುವ ಅಕ್ಕಿ, ಬೇಳೆಯನ್ನು ಎಲ್ಲರೂ ಒಂದೇ ದಿನ ಕಳಿಸಬೇಡಿ. ವಾರಕ್ಕೆ ಒಂದು ತರಗತಿಯವರು ತಂದರೆ ಸಾಕು. ಯಾರ ಸರದಿ ಯಾವಾಗ ಅಂತ ಡೈರಿಯಲ್ಲಿ ಬರೆದು ಕಳಿಸುತ್ತೇವೆ. ಕಷ್ಟ ಇರುವವರು ಏನೂ ತರಬೇಕಾಗಿಲ್ಲ.

ಕಾರ್ಯಕ್ರಮ ಬೆಳಿಗ್ಗೆ 10ಕ್ಕೆ. ಗದ್ದೆಯಿಂದ, ಗ್ಯಾರೇಜಿನಿಂದ, ಮೀನು ಮಾರ್ಕೆಟ್ಟಿನಿಂದ ನೇರ ಬರುವವರು ಬಟ್ಟೆ ಬದಲಾಯಿಸಲು ಅಂತ ಮನೆಗೆ ಹೋಗಬೇಡಿ, ಹಾಗೇ ಬನ್ನಿ. ಗೇಟಿನ ಹತ್ತಿರ ನಾನೇ ನಿಂತಿರುತ್ತೇನೆ, ಒಳಗೆ ಒಟ್ಟಿಗೇ ಹೋಗೋಣ.

ನಿಮ್ಮ,
ಮುಖ್ಯ ಶಿಕ್ಷಕಿ