ಮೊದಲು ವಿಳಾಸ ಓದಿ

ನಾವೆಲ್ಲ ಅಂಕಲ್, ಆಂಟಿ ಅಂತಲೇ ಕರೆಯುವ ನಮ್ಮ ಕನ್ನಡ ಕೂಟದ ಹಿರಿಯ ದಂಪತಿ ಡಿಸೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಬಿಟ್ಟು ಮೈಸೂರಿಗೆ ವಾಪಸ್ ಹೊರಟಿದ್ದಾರೆ. ಪಾತ್ರೆ, ಪುಸ್ತಕ ಎಲ್ಲ ಹಂಚಿ ಆಯಿತು. ಅಂಕಲ್ ತಮ್ಮ ಬಿಯರ್ ಲೇಬಲ್‌ಗಳ ಆಲ್ಬಂಗಳನ್ನು ನನಗೆ ಕೊಟ್ಟರು. ಈ ಸಂಚಿಕೆ ಇವತ್ತು ರಾತ್ರಿಯೇ ಮುದ್ರಣಕ್ಕೆ ಹೋಗಬೇಕು, ನನ್ನ ಮನಸ್ಸೆಲ್ಲ ಆ ಆಲ್ಬಂಗಳಲ್ಲೇ ಇದೆ.

ಅಂಕಲ್ ಹೆಚ್ಚು ಕುಡಿಯುವವರಲ್ಲ. ಕೆಲಸದ ಮೇಲೆ ಮ್ಯೂನಿಕ್, ಬ್ರಸೆಲ್ಸ್, ಡಬ್ಲಿನ್ ಸುತ್ತುವಾಗ ಜೊತೆಯವರು ಕುಡಿದಿಟ್ಟ ಬಾಟಲಿ ಕೇಳಿ ತರುತ್ತಿದ್ದರು. ನಾನು ಹೊಸದಾಗಿ ಬಂದಾಗ ಒಂದು ಭಾನುವಾರ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಆಂಟಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಪಕ್ಕದಲ್ಲೇ ಅಂಕಲ್, ಸೋಡಾಪುಡಿ ಹಾಕಿದ ಬಿಸಿನೀರಲ್ಲಿ ಬಾಟಲಿ ನೆನೆಹಾಕಿದ್ದರು. ಮತ್ತೆ ಮತ್ತೆ ತೊಳೆದು ತುಂಬಿಸುವ ಬಾಟಲಿಗಳಿಗೆ ಹಾಲಿನ ಕೇಸೀನ್ ಎಂಬ ಪ್ರೋಟೀನ್‌ನಿಂದ ಮಾಡಿದ ಅಂಟು ಬಳಸುತ್ತಾರೆ. ತಣ್ಣೀರಿಗೆ ಜಗ್ಗುವುದಿಲ್ಲ, ಸೋಡಾ ಬೆರೆತ ಬಿಸಿನೀರಿಗೆ ಬಿಟ್ಟುಕೊಳ್ಳುತ್ತದೆ. ಲೇಬಲ್ ಮೆಲ್ಲಗೆ ಜಾರಿ ಬಂತು. ಟವೆಲ್ ಮೇಲೆ ಒಣಗಿಸಿ, ದಪ್ಪ ನಿಘಂಟಿನ ಕೆಳಗೆ ಇಟ್ಟರು.

ಊಟವಾದ ಮೇಲೆ ಆಲ್ಬಂ ತೆಗೆದರು. ನಾನು ಬಾಸ್ ಬಿಯರ್ ಕಂಪನಿಯ ಕೆಂಪು ತ್ರಿಕೋನ ನೋಡುತ್ತಾ ಕೂತೆ. 1876ರಲ್ಲಿ ಬ್ರಿಟನ್‌ನಲ್ಲಿ ನೋಂದಣಿಯಾದ ಮೊಟ್ಟಮೊದಲ ಟ್ರೇಡ್‌ಮಾರ್ಕ್ ಅದೇ. "ಚಿತ್ರ ಆಮೇಲೆ ನೋಡಮ್ಮ, ಮೊದಲು ವಿಳಾಸ ಓದು" ಎಂದರು. ಐರ್ಲೆಂಡಿನ ಗಿನ್ನೆಸ್ ಬಿಯರ್ ಪೀಪಾಯಿಯಲ್ಲಿ ಹೋಗಿ ಊರೂರಲ್ಲಿ ಬಾಟಲಿಗೆ ತುಂಬುತ್ತಿದ್ದ ಕಾಲದಲ್ಲಿ, ತುಂಬಿದವರ ಹೆಸರೂ ಲೇಬಲ್ ಮೇಲೆ ಇರುತ್ತಿತ್ತು. ಬಾರ್‌ಕೋಡ್ ಇದ್ದರೆ ಲೇಬಲ್ ತೀರಾ ಹಳೆಯದಲ್ಲ.

ಆಮೇಲೆ ಕೋಬ್ರಾ ಬಿಯರಿನ ಪುಟ ಬಂತು. ಸಣ್ಣ ಅಕ್ಷರದಲ್ಲಿ ಬೆಂಗಳೂರು! 1990ರಲ್ಲಿ ಇಂಗ್ಲೆಂಡಿಗೆ ಬಂದಾಗ ಕೋಬ್ರಾ ತಯಾರಾಗುತ್ತಿದ್ದದ್ದು ಬೆಂಗಳೂರಿನ ಮೈಸೂರು ಬ್ರೂವರೀಸ್‌ನಲ್ಲಿ. ಪಕ್ಕದ ಲೇಬಲ್‌ನಲ್ಲಿ ಇಂಗ್ಲೆಂಡಿನ ಬೆಡ್‌ಫರ್ಡ್. ಈಗ ಅದು ತಯಾರಾಗುವುದು ಇಲ್ಲೇ ಹತ್ತಿರದ ಬರ್ಟನ್‌ನಲ್ಲಿ. ಬಾಸ್‌ನವರ ಊರೂ ಅದೇ. ಜಿಪ್ಸಮ್ ಜಾಸ್ತಿ ಇರುವ ಅಲ್ಲಿನ ನೀರು ಪೇಲ್ ಏಲ್ ಎಂಬ ತಿಳಿಬಣ್ಣದ ಬಿಯರ್‌ಗೆ ಹೇಳಿಮಾಡಿಸಿದ್ದು. 1820ರ ದಶಕದಿಂದ ಆ ಬಿಯರ್ ಹಡಗು ಹತ್ತಿ ಭಾರತಕ್ಕೆ ಬರುತ್ತಿತ್ತು. ನಮ್ಮ ಬೆಂಗಳೂರಿಂದ ಹೊರಟ ಕೋಬ್ರಾ ಕೊನೆಗೆ ಅದೇ ಬರ್ಟನ್ ಸೇರಿತು. ಇಷ್ಟೆಲ್ಲ ಅಂಗೈಯಗಲದ ಕಾಗದದಲ್ಲಿ ಸಿಗುತ್ತದೆ ಅಂದರೆ ನನಗೆ ಇವತ್ತಿಗೂ ಆಶ್ಚರ್ಯ.

ನಮ್ಮ ಕೂಟದ ಕಾಗದಗಳು ಎಲ್ಲಿವೆ? ಮೊದಲ ಯುಗಾದಿ ಯಾವ ಹಾಲ್‌ನಲ್ಲಿ ನಡೆಯಿತು ಅಂತ ಸಮಿತಿಯಲ್ಲಿ ಯಾರಿಗೂ ಖಚಿತವಾಗಿ ಗೊತ್ತಿಲ್ಲ. ಹಳೆಯ ಆಮಂತ್ರಣ, ಕರಪತ್ರ, ಊಟದ ಕೂಪನ್ ಏನಿದ್ದರೂ ದಯವಿಟ್ಟು ತನ್ನಿ. ವಿಳಾಸ, ತಾರೀಖು ಇರುವ ಭಾಗ ಕತ್ತರಿಸಬೇಡಿ.

ಇನ್ನು ಸೂಚನೆಗಳು, ಬೇಗ ಬೇಗ: ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ, ಊಟ ಹನ್ನೆರಡೂವರೆಗೆ, ತಟ್ಟೆ ಲೋಟ ಮನೆಯಿಂದಲೇ ತನ್ನಿ. ಮಕ್ಕಳ ನಾಟಕದ ತಾಲೀಮು ಪ್ರತಿ ಭಾನುವಾರ ಕನ್ನಡ ತರಗತಿ ಮುಗಿದ ಮೇಲೆ. ದೀಪಾವಳಿ ತಿಂಡಿಗೆ ಹೆಸರು ಕೊಡುವವರು ಈ ವಾರವೇ ಕೊಡಿ. ಸದಸ್ಯತ್ವದ ಹಣ ಬಾಕಿ ಇರುವವರು ಕಟ್ಟಿಬಿಡಿ.

ಅಂಕಲ್ ಹೊರಡುವ ಮೊದಲು ಒಂದೊಂದು ಲೇಬಲ್ ಬಗ್ಗೆಯೂ ಅವರು ಹೇಳುವುದನ್ನು ಬರೆದಿಟ್ಟುಕೊಳ್ಳಬೇಕು. ಈ ಪತ್ರಿಕೆಯ ಪುಟ ಜೋಡಿಸುವುದಕ್ಕೇ ನಾನೊಬ್ಬಳು, ನನ್ನ ಕೈಲಿ ಎರಡೂ ಆಗುವುದಿಲ್ಲ. ಕನ್ನಡ ಟೈಪಿಂಗ್ ಬರುವ ಇಬ್ಬರು, ಸ್ಕ್ಯಾನರ್ ಇರುವ ಒಬ್ಬರು ಬೇಕು. ರಾಜ್ಯೋತ್ಸವದ ದಿನ ಊಟದ ಸಾಲಿನಲ್ಲಿ ಸಿಕ್ಕಿ ಹೇಳಿದರೂ ಸಾಕು.