ಬಳಸಿದ ಇಂಧನ: ಉಪ್ಪಿನ ದಾರಿಯನ್ನು ಪೂರ್ತಿ ಹೇಳಿ

ಸಂಪಾದಕರೇ,

ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ 700 ಮೆಗಾವಾಟ್‌ನ ಎರಡು ಹೊಸ ಘಟಕಗಳು ಬರುತ್ತಿರುವುದರಿಂದ ನಮ್ಮ ಕಾರವಾರದ ಕಡೆ ಬಳಸಿದ ಇಂಧನದ ಮಾತು ಜೋರಾಗಿದೆ. ‘ಅದೆಲ್ಲ ಬರೀ ವಿಷದ ಕಸ’ ಅನ್ನುವವರಿದ್ದಾರೆ. ‘ಕರಗಿದ ಉಪ್ಪಿನಲ್ಲಿ ಹಾಕಿದರೆ ಆಯ್ತು, ಕಸವೇ ಉಳಿಯಲ್ಲ’ ಅನ್ನುವವರೂ ಇದ್ದಾರೆ. ಎರಡೂ ಸರಿಯಲ್ಲ. ನಾನು ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು. ಸುಮ್ನೆ ಕೂರಲು ಆಗಲಿಲ್ಲ.

ಕೈಗಾದಲ್ಲಿ ಈಗಾಗಲೇ ಇರುವ 220 ಮೆಗಾವಾಟ್ ಘಟಕದ ಒಂದು ಇಂಧನ ಕಂತೆಯಲ್ಲಿ ಅರ್ಧ ಮೀಟರ್ ಉದ್ದದ 19 ಕೊಳವೆಗಳು, ಅವುಗಳೊಳಗೆ ಯುರೇನಿಯಂ ಆಕ್ಸೈಡಿನ ಬಿಲ್ಲೆಗಳು. ರಿಯಾಕ್ಟರಿನಿಂದ ಹೊರಬಂದ ಮೇಲೂ ಅದರಲ್ಲಿ ನೂರಕ್ಕೆ 98ಕ್ಕಿಂತ ಜಾಸ್ತಿ ಯುರೇನಿಯಮ್ಮೇ. ಉಳಿದದ್ದು ಒಂದಿಷ್ಟು ಪ್ಲುಟೋನಿಯಂ, ಸೀಸಿಯಂ, ಸ್ಟ್ರಾನ್ಷಿಯಂ ಮುಂತಾದವು. ಇದನ್ನು ಬರೀ ಕಸ ಅನ್ನುವುದು ಹೇಗೆ?

ಉಪ್ಪಿನ ವಿಧಾನದಲ್ಲಿ ಈ ಆಕ್ಸೈಡನ್ನು ಬುಟ್ಟಿಯಲ್ಲಿಟ್ಟು, ಸುಮಾರು 650 ಡಿಗ್ರಿಯಲ್ಲಿ ಕರಗಿದ ಲಿಥಿಯಂ ಕ್ಲೋರೈಡಿನಲ್ಲಿ ಮುಳುಗಿಸಿ ಕರೆಂಟ್ ಹರಿಸುತ್ತಾರೆ. ಆಮ್ಲಜನಕ ಪ್ಲಾಟಿನಂ ಕಡ್ಡಿಯ ಹತ್ತಿರ ಗುಳ್ಳೆಯಾಗಿ ಹೊರಟುಹೋಗುತ್ತದೆ, ಬುಟ್ಟಿಯಲ್ಲಿ ಲೋಹ ಉಳಿಯುತ್ತದೆ. ಆಮೇಲೆ 500 ಡಿಗ್ರಿಯ ಇನ್ನೊಂದು ಉಪ್ಪಿನಲ್ಲಿ ಆ ಲೋಹ ಕರಗಿ, ಯುರೇನಿಯಂ ಮಾತ್ರ ಉಕ್ಕಿನ ಕಡ್ಡಿಯ ಮೇಲೆ ಮುಳ್ಳುಮುಳ್ಳಾಗಿ ಬೆಳೆಯುತ್ತದೆ. ಲ್ಯಾಬಿನಲ್ಲಿ ಮೈಲುತುತ್ತದ ದ್ರಾವಣದಲ್ಲಿ ತಾಮ್ರ ಶುದ್ಧ ಮಾಡಿದ ಮಕ್ಕಳಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಪ್ಲುಟೋನಿಯಂ ಬೇರೆ ಧಾತುಗಳ ಜೊತೆ ಬೆರೆತೇ ಬರುತ್ತದೆ, ಅಪ್ಪಟವಾಗಿ ಅಲ್ಲ. ಬಾಂಬಿನ ಭಯ ಇರುವವರು ಇದನ್ನು ತಿಳಿದಿರಬೇಕು.

ಆದರೆ ಸೀಸಿಯಂ, ಸ್ಟ್ರಾನ್ಷಿಯಂ ಎಲ್ಲಿ ಹೋದವು? ಉಪ್ಪಿನಲ್ಲೇ ಉಳಿದವು. ಈಗ ಆ ಉಪ್ಪೇ ಕಸ! ಕ್ಲೋರೈಡ್ ಮಾಮೂಲಿ ಗಾಜಿಗೆ ಸೇರುವುದು ತೀರಾ ಕಡಿಮೆ, ಅದಕ್ಕೆಂದೇ ಬೇರೆ ಪಿಂಗಾಣಿ ಮಾಡಬೇಕು. ಕೆಲಸವೆಲ್ಲ ದಪ್ಪ ಗೋಡೆಯ ಹಿಂದೆ, ಆರ್ಗಾನ್ ತುಂಬಿದ ಕೋಣೆಯಲ್ಲಿ, ಯಂತ್ರದ ಕೈಗಳಿಂದ ಆಗಬೇಕು. ಅಮೆರಿಕದ ಇಡಾಹೋದಲ್ಲಿ ಇಬಿಆರ್-2 ರಿಯಾಕ್ಟರಿನ ಇಂಧನವನ್ನು ಹೀಗೆ ಸಂಸ್ಕರಿಸಿದ್ದಾರೆ ನಿಜ, ಆದರೆ ಅದು ಲೋಹದ ಇಂಧನ. ಆಕ್ಸೈಡಿಗೆ ಒಂದು ಹೆಜ್ಜೆ ಜಾಸ್ತಿ ಬೇಕಲ್ವಾ? ಕಲ್ಪಾಕ್ಕಂನಲ್ಲಿ ಉಪ್ಪಿನ ವಿಧಾನದ ಸಂಶೋಧನೆ ನಡೆದಿದೆ. ಆದರೆ ತಾರಾಪುರದಲ್ಲೂ ಕಲ್ಪಾಕ್ಕಂನಲ್ಲೂ ಇರುವ ಮರುಸಂಸ್ಕರಣೆ ಘಟಕಗಳು ನಡೆಯುವುದು ನೈಟ್ರಿಕ್ ಆಮ್ಲದಿಂದ.

ಹಾಗಾಗಿ ಉಪ್ಪಿನ ಹೆಸರು ಹೇಳಿ ಜನರ ಬಾಯಿ ಮುಚ್ಚಿಸುವುದು ಬೇಡ. ಬಳಸಿದ ಕಂತೆಗಳು ತಣಿಸುವ ನೀರಿನ ಕೊಳದಲ್ಲಿ ಎಷ್ಟು ವರ್ಷ ಇರುತ್ತವೆ, ಆಮೇಲೆ ಅವುಗಳನ್ನು ಏನು ಮಾಡುತ್ತಾರೆ, ಕೊನೆಗೆ ಉಳಿದದ್ದನ್ನು ಎಲ್ಲಿಡುತ್ತಾರೆ ಎಂಬುದನ್ನು ಅಧಿಕಾರಿಗಳು ಮಲ್ಲಾಪುರಕ್ಕೆ, ಕದ್ರಾಕ್ಕೆ ಬಂದು ಕನ್ನಡದಲ್ಲೇ ಹೇಳಲಿ. ಪ್ರಶ್ನೆ ಕೇಳಲು ಸಾಕಷ್ಟು ಸಮಯವನ್ನೂ ಕೊಡಲಿ.

– ನಿವೃತ್ತ ಉಪನ್ಯಾಸಕಿ, ಕಾರವಾರ